ಅಮ್ಮ ಓದಿದ ಪುಟ

ತಿಂಗಳ ಮೊದಲ ಸೋಮವಾರ ನಮ್ಮ ಗ್ರಂಥಾಲಯದ ಬಾಗಿಲ ಪಕ್ಕದ ಫಲಕಕ್ಕೆ ಒಂದು ಹೊಸ ಪಟ್ಟಿ ಬೀಳುತ್ತದೆ. ‘ಹೊಸ ಪುಸ್ತಕಗಳು ಮತ್ತು ಚಿತ್ರಗಳು’ ಎಂದು ಮೇಲೆ ದಪ್ಪಕ್ಷರದಲ್ಲಿರುತ್ತದೆ. ಅದನ್ನು ತಯಾರಿಸುವವಳು ನಾನು. ಪುತ್ತೂರು ಪೇಟೆ ಮುಗಿದು ಗುಡ್ಡ ಹತ್ತುವಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿಯ ಗ್ರಂಥಾಲಯದಲ್ಲಿ ನಾನು ಸಹಾಯಕಿಯಾಗಿ ಸೇರಿ ಹದಿನೈದು ವರ್ಷ ಕಳೆಯಿತು. ಬಂದ ಪೆಟ್ಟಿಗೆ ಬಿಚ್ಚಬೇಕು, ಸೀಲು ಹಾಕಬೇಕು, ಬಾರ್‌ಕೋಡ್ ಅಂಟಿಸಬೇಕು, ಒಂದೊಂದಕ್ಕೂ ಮೂರು ಸಾಲಿನ ಪರಿಚಯ ಬರೆಯಬೇಕು.

ಪುಸ್ತಕವಾದರೆ ಮುನ್ನುಡಿ, ಬೆನ್ನುಡಿ ನೋಡಿ ಬರೆಯಬಹುದು. ಚಿತ್ರವನ್ನು ಕುಳಿತು ನೋಡಲೇಬೇಕು. ಕುಳಿತು ನೋಡುವ ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ. ಹತ್ತು ನಿಮಿಷ ಒಂದೇ ಕಡೆ ಕುಳಿತರೆ ಕಾಲು ತನ್ನಷ್ಟಕ್ಕೇ ಅಲ್ಲಾಡಲು ಶುರುವಾಗುತ್ತದೆ. ಹಾಗಾಗಿ ಎಲ್ಲ ಚಿತ್ರಗಳನ್ನೂ ಎರಡು ಪಟ್ಟು ವೇಗದಲ್ಲಿ ಓಡಿಸಿಬಿಡುತ್ತೇನೆ. ಜನ ಕುಣಿದ ಹಾಗೆ ನಡೆಯುತ್ತಾರೆ, ಮಾತು ಚಿಲಿಪಿಲಿ ಎನ್ನುತ್ತದೆ. ಮೂರು ಸಾಲು ಬರೆಯಲು ಅಷ್ಟು ತಿಳಿದರೆ ಧಾರಾಳ.

ಕಳೆದ ಬೇಸಿಗೆಯಲ್ಲಿ, ಪರೀಕ್ಷೆಯ ಹೊತ್ತಿಗೆ, ಪುಸ್ತಕಗಳ ಜೊತೆ ಒಂದು ಹಾರ್ಡ್ ಡಿಸ್ಕ್ ಬಂತು. ಹಳೆಯ ವೀಡಿಯೊ ಟೇಪುಗಳಲ್ಲಿದ್ದ ಸಾಕ್ಷ್ಯಚಿತ್ರಗಳನ್ನು ಯಾರೋ ಪುಣ್ಯಾತ್ಮರು ಉಳಿಸಿ, ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. ಕುಂಬಾರಿಕೆ, ಮೀನುಗಾರಿಕೆ, ಯಾವುದೋ ಊರಿನ ನೇಕಾರರು, ಹೀಗೆ. ಒಂದರ ಹಿಂದೆ ಒಂದನ್ನು ಓಡಿಸುತ್ತ, ನಡುನಡುವೆ ಎದ್ದು ಹೋಗಿ ನೀರು ಕುಡಿದು ಬರುತ್ತ, ಮೂರನೇ ದಿನ ಬೀಡಿ ಕಟ್ಟುವ ಹೆಂಗಸರ ಬಗೆಗಿನ ಒಂದು ಚಿತ್ರಕ್ಕೆ ತಲುಪಿದೆ. ಇಪ್ಪತ್ತು ನಿಮಿಷದ್ದು. ‘ಕಡಬದ ಸುತ್ತಮುತ್ತ ಚಿತ್ರೀಕರಿಸಿದ್ದು’ ಎಂದು ಜೊತೆಗಿದ್ದ ಟಿಪ್ಪಣಿಯಲ್ಲಿತ್ತು. ನಮ್ಮ ಊರಿನ ಕಡೆಯದು ಎಂದು ತುಸು ಕುತೂಹಲವಾಯಿತು. ಹಾಗೆಂದು ವೇಗವನ್ನೇನೂ ಕಡಿಮೆ ಮಾಡಲಿಲ್ಲ.

ಒಂದು ಜಗಲಿ. ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು, ಅದರಲ್ಲಿ ಎಲೆ ಮತ್ತು ತಂಬಾಕು ಹರವಿಕೊಂಡು ನಾಲ್ಕು ಮಂದಿ ಹೆಂಗಸರು. ಬೆರಳುಗಳು ಎರಡು ಪಟ್ಟು ವೇಗದಲ್ಲಿ ಓಡುತ್ತಿದ್ದವು. ಜಗಲಿಯ ಕೆಂಪು ಕಂಬವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಕಂಬದ ಬುಡದಲ್ಲಿ ಸಿಮೆಂಟು ಕಿತ್ತುಹೋಗಿ ಒಂದು ಗುಳಿ ಬಿದ್ದಿತ್ತು. ಆ ಗುಳಿಯಲ್ಲಿ ನಾನು ಗೋಲಿ ಆಡಿದವಳು. ಅಷ್ಟು ಹೊಳೆಯುವಷ್ಟರಲ್ಲಿ ಕ್ಯಾಮರಾ ಮೇಲಕ್ಕೆ ಹೋಯಿತು. ಅಮ್ಮ ಕುಳಿತಿದ್ದಳು.

ನಾನು ಎದ್ದು ನಿಂತದ್ದಕ್ಕೆ ಹೆಡ್‌ಫೋನಿನ ತಂತಿ ಎಳೆದು ಕಿತ್ತುಬಂತು. ಅಮ್ಮನ ಸ್ವರ ಚಿಲಿಪಿಲಿಯಾಗಿ ಇಡೀ ಕೋಣೆಗೆ ಕೇಳಿಸಿತು. ಓದುತ್ತಿದ್ದ ಮಕ್ಕಳು ತಲೆ ಎತ್ತಿ ನೋಡಿದರು. ಗಡಿಬಿಡಿಯಲ್ಲಿ ನಿಲ್ಲಿಸಿದೆ.

ಅಮ್ಮ ತೀರಿಕೊಂಡು ಎಂಟು ವರ್ಷ. ಅವಳದೆಂದು ನನ್ನಲ್ಲಿರುವುದು ಎರಡು ಫೋಟೋ ಮಾತ್ರ, ಅದರಲ್ಲಿ ಒಂದು ರೇಷನ್ ಕಾರ್ಡಿನದು. ಸ್ವರ ಎಲ್ಲಿಯೂ ಇರಲಿಲ್ಲ. ಮೊಬೈಲಿನಲ್ಲಿ ಹಿಡಿದಿಡಬೇಕೆಂದು ಆಗ ಹೊಳೆದಿರಲಿಲ್ಲ. ತಂತಿ ಸರಿಪಡಿಸಿ, ವೇಗವನ್ನು ಸರಿಯಾದ ಅಳತೆಗೆ ತಂದು, ಮತ್ತೆ ಹಾಕಿದೆ.

ಕಿವಿಯ ಹತ್ತಿರವೇ ಅಮ್ಮ. ಮೂವತ್ತರ ಆಸುಪಾಸಿನ ಪ್ರಾಯ, ಈಗಿನ ನನಗಿಂತ ಚಿಕ್ಕವಳು. ತಡ್ಪೆಯನ್ನು ಪಕ್ಕಕ್ಕಿಟ್ಟು ಕೈಯಲ್ಲಿ ಒಂದು ವಾರಪತ್ರಿಕೆ ಹಿಡಿದಿದ್ದಾಳೆ. ಉಳಿದ ಮೂವರು ಬೀಡಿ ಕಟ್ಟುತ್ತಿದ್ದಾರೆ, ಅವಳು ಧಾರಾವಾಹಿ ಓದಿ ಹೇಳುತ್ತಿದ್ದಾಳೆ. ಯಾವುದೋ ಹುಡುಗಿ ಹೊಳೆಯ ದಡದಲ್ಲಿ ದೋಣಿಗಾಗಿ ಕಾಯುತ್ತಿದ್ದ ಕತೆ. “ಅವನ ಕಾಗದಕ್ಕೆ ಅವಳು ಪ್ರ... ಪ್ರತ್ಯು... ಪ್ರತ್ಯುತ್ತರ ಬರೆಯಲಿಲ್ಲ” ಎಂದಳು ಅಮ್ಮ. ತಡವರಿಸಿ, ಸುಧಾರಿಸಿಕೊಂಡು, ಮುಂದೆ ಹೋದಳು. ಅಷ್ಟರಲ್ಲಿ ಹಿನ್ನೆಲೆಯ ಗಂಡಸಿನ ಸ್ವರ ಬಂತು: ಅಕ್ಷರ ಬಲ್ಲ ಒಬ್ಬ ಕಾರ್ಮಿಕ ಮಹಿಳೆ ಉಳಿದವರಿಗೆ ಓದಿ ಹೇಳುತ್ತಾಳೆ, ಎಂದಿತು ಅದು.

ನನ್ನ ಅಮ್ಮನಿಗೆ ಓದಲು ಬರುತ್ತಿರಲಿಲ್ಲ.

ಅಥವಾ ಹಾಗೆಂದು ನಾನು ನಲವತ್ತು ವರ್ಷ ನಂಬಿದ್ದೆ. ಅಪ್ಪ, ನಾನು ಹುಟ್ಟಿದ ವರ್ಷವೇ ಘಟ್ಟದ ಮೇಲೆ ಕೆಲಸಕ್ಕೆಂದು ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಎರಡನೇ ಕ್ಲಾಸಿನಿಂದ ಮನೆಗೆ ಬಂದ ಪ್ರತಿಯೊಂದು ಕಾಗದವನ್ನೂ ಓದಿದವಳು ನಾನು. ಬಸ್ಸಿನ ಬೋರ್ಡು, ಮದ್ದಿನ ಬಾಟಲಿ, ಕಟ್ಟಿದ ಬೀಡಿ ಕೊಂಡುಕೊಳ್ಳುವ ಬ್ರಾಂಚಿನವರು ಕೊಟ್ಟ ಚೀಟಿ, ಎಲ್ಲ. ಶಾಲೆಯಿಂದ ಬಂದು ಕೈಕಾಲು ತೊಳೆದ ಕೂಡಲೇ ಅಮ್ಮ ಬ್ರಾಂಚಿನಿಂದ ಕೇಳಿ ತಂದ ಹಳೆಯ ವಾರಪತ್ರಿಕೆ ಎದುರಿಗಿಡುತ್ತಿದ್ದಳು. ಬೆಳಕಿರುವಾಗಲೇ ಓದಿ ಮುಗಿಸಬೇಕು. ಆಟಕ್ಕೆ ಹೋಗಲು ಆಗುತ್ತಿರಲಿಲ್ಲ ಎಂದು ನನಗೆ ಸಿಟ್ಟು. ಪಿಯುಸಿಯಲ್ಲಿದ್ದಾಗ ಒಮ್ಮೆ, “ಅಷ್ಟು ಬೇಕಾದ್ರೆ ನೀನೇ ಕಲಿ!” ಎಂದು ಪತ್ರಿಕೆಯನ್ನು ಚಾಪೆಯ ಮೇಲೆ ಎಸೆದಿದ್ದೆ. ಅಮ್ಮ ನಕ್ಕಿದ್ದಳು ಅಷ್ಟೆ.

ಇಷ್ಟೇ ಆಗಿದ್ದರೆ ಆಶ್ಚರ್ಯಪಟ್ಟು ಸುಮ್ಮನಾಗುತ್ತಿದ್ದೆನೇನೋ. ಆದರೆ ಅವಳ ಕೊನೆಯ ದಿನಗಳಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು ಕಾಯಿಲೆಯ ಹೆಸರು ಹೇಳಿದ್ದರು. ಸರಕಾರದ ಸಹಾಯಕ್ಕಾಗಿ ಒಂದು ಅರ್ಜಿ ತುಂಬಬೇಕಿತ್ತು, ಅದು ಕನ್ನಡದಲ್ಲಿತ್ತು, ಆ ಹೆಸರೂ ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆದಿತ್ತು. ಹಾಸಿಗೆಯ ಮೇಲಿದ್ದ ಅಮ್ಮ, “ಎಂತ ಬರೆದಿದ್ದಾರೆ, ಓದು” ಎಂದಳು. ನಾನು ಓದಿದೆ. ಆ ಹೆಸರು ಬಂದಲ್ಲಿ ‘ಹೊಟ್ಟೆಯ ಹುಣ್ಣು’ ಎಂದು ಓದಿದೆ. ಅಮ್ಮ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಆ ಕಾಗದ ಎಷ್ಟೋ ದಿನ ಅವಳ ತಲೆದಿಂಬಿನ ಪಕ್ಕದ ಫೈಲಿನಲ್ಲಿಯೇ ಇತ್ತು. ಅವಳಿಗೆ ಓದಲು ಬಾರದು ಎಂಬ ಧೈರ್ಯದಲ್ಲಿ ಅದನ್ನು ಬಚ್ಚಿಡಲು ಕೂಡ ನಾನು ಹೋಗಿರಲಿಲ್ಲ.

ಓದಲು ಬರುತ್ತಿದ್ದರೆ?

ಆ ವಾರ ನನ್ನಿಂದ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ. ರಸಾಯನಶಾಸ್ತ್ರದ ಪುಸ್ತಕಕ್ಕೆ ಅಡುಗೆ ಪುಸ್ತಕದ ಬಾರ್‌ಕೋಡ್ ಅಂಟಿಸಿದೆ. ಹೊಸ ಪುಸ್ತಕಗಳು ಮೇಜಿನ ಮೇಲೆ ಹಾಗೆಯೇ ರಾಶಿ ಬಿದ್ದವು. ಕುಳಿತರೆ ಏಳಬೇಕು, ಎದ್ದರೆ ರ್‍ಯಾಕುಗಳ ನಡುವೆ ತಿರುಗಬೇಕು. ಮನೆಯಲ್ಲಿಯೂ ಹಾಗೆಯೇ, ಗ್ಯಾಸ್ ಹಚ್ಚಿ ಪಾತ್ರೆ ಇಡಲು ಮರೆಯುವುದು. ನಮ್ಮ ಗ್ರಂಥಪಾಲಕರು ಮಿತಭಾಷಿ, ಆದರೆ ಪಟ್ಟಿ ತಡವಾದರೆ ಸಹಿಸುವವರಲ್ಲ. ಶುಕ್ರವಾರ ಮೇಜಿನ ಹತ್ತಿರ ಬಂದು, “ಬೀಡಿಯವರ ಚಿತ್ರದ ಪರಿಚಯ ಎಲ್ಲುಂಟು?” ಎಂದು ಕೇಳಿದರು.

“ಅದು ಸರಿಯಾಗಿ ಓಪನ್ ಆಗ್ತಾ ಇಲ್ಲ ಸರ್” ಎಂದೆ. ಹದಿನೈದು ವರ್ಷಗಳಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು.

ಶನಿವಾರ ರಜೆ ಹಾಕಿ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಜಗಲಿಯಲ್ಲಿದ್ದ ನಾಲ್ವರಲ್ಲಿ ಅಮ್ಮನಲ್ಲದೆ ಇನ್ನಿಬ್ಬರು ಈಗಿಲ್ಲ. ಉಳಿದವರು ನಮ್ಮ ಪಕ್ಕದ ಮನೆಯ ಮಾಮಿ. ಸಂಬಂಧವೇನೂ ಇಲ್ಲ, ನಾನು ಕರೆಯುತ್ತಿದ್ದುದು ಹಾಗೆ. ಆ ಜಗಲಿಯೂ ಅವರದೇ. ಅಮ್ಮ ಹೋದ ಮೇಲೆ ನಾನು ಆ ಕಡೆಗೆ ಹೋದದ್ದೇ ಕಡಿಮೆ. ಉಪ್ಪಿನಂಗಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ನನಗೆ ಕೂರಲಾಗದೆ ಇಳಿದು, ಬಿಟ್ಟುಹೋದರೆ ಎಂದು ಹೆದರಿ ಮತ್ತೆ ಹತ್ತಿ, ಮತ್ತೆ ಇಳಿದೆ. ಕಂಡಕ್ಟರ್ ನೋಡಿ ನೋಡಿ, “ಒಂದು ತೀರ್ಮಾನ ಮಾಡಿ ಮಾರಾಯ್ರೆ, ಬರ್ತೀರಾ ಇಲ್ವಾ?” ಎಂದ.

ಕಡಬದಿಂದ ಆಟೋ ಮಾಡಿ ಹೋದರೆ ಮಾಮಿಯ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತ್ತು. ಕೆಂಪು ಕಂಬವಿಲ್ಲ. ಹೊರಗೆ ಬಂದ ಹೆಂಗಸು, “ಅವರು ಇದನ್ನು ಕೊಟ್ಟು ನಾಲ್ಕು ವರ್ಷ ಆಯ್ತಲ್ಲ. ಸುಳ್ಯದಲ್ಲಿ ಮಗಳೊಟ್ಟಿಗೆ ಇದ್ದಾರೆ. ಬಸ್‌ಸ್ಟ್ಯಾಂಡಿನ ಹಿಂದೆ ಮಗಳ ಟೈಲರ್ ಅಂಗಡಿ ಉಂಟು” ಎಂದರು. ಕುಡಿಯಲು ನೀರು ಕೊಟ್ಟರು. ಅರ್ಧ ಕುಡಿದು ಲೋಟ ವಾಪಸು ಕೊಟ್ಟೆ. ಇನ್ನೊಂದು ದಿನ ಹೋದರಾಗದೇ ಎಂದು ನನಗೆ ನಾನೇ ಹೇಳಿಕೊಂಡರೂ ಕಾಲು ಕೇಳಲಿಲ್ಲ. ಪಂಜ, ಬೆಳ್ಳಾರೆ ಸುತ್ತಿ ಹೋಗುವ ಬಸ್ಸಿನಲ್ಲಿ ಸುಳ್ಯ ತಲುಪುವಾಗ ಊಟದ ಹೊತ್ತು ದಾಟಿತ್ತು.

ಅಂಗಡಿಯಲ್ಲಿ ಮಗಳು ಮೆಷಿನ್ ತುಳಿಯುತ್ತಿದ್ದಳು. ಬಾಗಿಲಿನ ಬೆಳಕಿಗೆ ಸ್ಟೂಲು ಹಾಕಿಕೊಂಡು ಮಾಮಿ ರವಕೆಗಳಿಗೆ ಹುಕ್ಕು ಹೊಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆರಳುಗಳ ವೇಗ ಮಾತ್ರ ಇಳಿದಿರಲಿಲ್ಲ. ನನ್ನನ್ನು ಕಂಡು ಸೂಜಿಯನ್ನು ಸೆರಗಿಗೆ ಚುಚ್ಚಿದರು.

“ಅಯ್ಯೋ ನೀನಾ ಮಗಾ! ಎಂತ ಇಷ್ಟು ಸೊರಗಿದ್ದಿ? ಊಟ ಆಯ್ತಾ?”

ಆಗಿದೆ ಎಂದು ಸುಳ್ಳು ಹೇಳಿ, ನಿಂತಲ್ಲಿಯೇ ಕೇಳಿದೆ: “ಮಾಮೀ, ಅಮ್ಮನಿಗೆ ಓದ್ಲಿಕ್ಕೆ ಬರ್ತಿತ್ತಾ?”

“ಓದುದಾ? ನಿನ್ನ ಅಮ್ಮನಾ?” ಮಾಮಿ ನಕ್ಕುಬಿಟ್ಟರು. “ಅವಳಿಗೆ ಓದ್ಲಿಕ್ಕೆ ಬಂದಿದ್ರೆ ನಿನ್ನನ್ನು ಯಾಕೆ ಹಾಗೆ ಕೂರಿಸ್ತಿದ್ದಳು?”

ನಾನು ಚಿತ್ರದ ಸಂಗತಿ ಹೇಳಿದೆ. ಅಮ್ಮ ಪತ್ರಿಕೆ ಹಿಡಿದು ಓದುವುದನ್ನು ಕಣ್ಣಾರೆ ನೋಡಿದೆ, ನಡುವೆ ತಡವರಿಸಿದ್ದನ್ನೂ ಕೇಳಿದೆ, ನಿಜವಾಗಿ ಓದುವವರು ಮಾತ್ರ ಹಾಗೆ ತಡವರಿಸುತ್ತಾರೆ, ಎಂದು ಒಂದೇ ಉಸಿರಿಗೆ ಹೇಳಿದೆ. ಮಾಮಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪು ಹತ್ತಿತು.

“ಓ ಅದಾ! ಕ್ಯಾಮರಾ ಹಿಡ್ಕೊಂಡು ಮೂರು ಜನ ಬಂದಿದ್ರು. ನೀನು ಶಾಲೆಗೆ ಹೋಗಿದ್ದಿ. ಬೀಡಿ ಕಟ್ಟುವಾಗ ಎಂತ ಮಾತಾಡ್ತೀರಿ ಅಂತ ಕೇಳಿದ್ರು. ನಾವು ಕತೆ ಕೇಳ್ತೇವೆ, ಇವಳು ಹೇಳ್ತಾಳೆ ಅಂದೆವು. ಅಲ್ಲೇ ಪತ್ರಿಕೆ ಬಿದ್ದಿತ್ತು. ಅವರು ಅದನ್ನು ಅವಳ ಕೈಗೆ ಕೊಟ್ಟು ಓದಿ ಅಂದ್ರು. ಅವಳಿಗೆ ಬರುದಿಲ್ಲ ಅನ್ಲಿಕ್ಕೆ ನಾಚಿಕೆ. ಹಿಡ್ಕೊಂಡು, ಹಿಂದಿನ ದಿನ ನೀನು ಓದಿದ್ದನ್ನು ಹೇಳಿದಳು.”

“ಬಾಯಿಪಾಠವಾ?”

“ಮತ್ತೆಂತ? ದಿನಾಲೂ ಅದೇ ಅಲ್ವಾ ಮಾಡುದು! ನೀನು ಸಂಜೆ ಓದುದು, ಅವಳು ಮಾರನೇ ದಿನ ನಮಗೆ ಹೇಳುದು. ಒಂದಕ್ಷರ ಬಿಡ್ತಿರಲಿಲ್ಲ. ನೀನು ತಡವರಿಸಿದ ಕಡೆ ಅವಳೂ ತಡವರಿಸುದು. ಅದೂ ಕತೆಯದ್ದೇ ಅಂತ ಅವಳ ಲೆಕ್ಕ.” ಮಾಮಿ ನನ್ನ ಕೈ ಹಿಡಿದು ಎಳೆದು ಸ್ಟೂಲಿನ ಪಕ್ಕದ ಬಟ್ಟೆಯ ಗಂಟಿನ ಮೇಲೆ ಕೂರಿಸಿದರು. “ನಾವೆಲ್ಲ ಕೇಳಿದ್ದು ನಿನ್ನ ಓದನ್ನೇ ಮಗಾ. ನೀನು ಜ್ವರ ಬಂದು ಮಲಗಿದ್ರೆ ನಮಗೆ ಕತೆ ಇಲ್ಲ.”

ಮೆಷಿನ್ ನಿಂತಿತ್ತು. ಮಗಳೂ ಕೇಳಿಸಿಕೊಳ್ಳುತ್ತಿದ್ದಳು. ಹೊತ್ತು ಬಂದ ಭಾರ ಇಳಿದಂತಾಗಿ ನಗಲು ಹೋದೆ, ಆಗಲಿಲ್ಲ. ಹಾಗಾದರೆ ಆ ಅರ್ಜಿಯನ್ನು ಅಮ್ಮ ಓದಿರಲಿಲ್ಲ. ನನ್ನ ಸುಳ್ಳು ಸುಳ್ಳಾಗಿಯೇ, ಭದ್ರವಾಗಿ ಉಳಿದಿತ್ತು. ಇದನ್ನು ಯಾರಿಗೂ ಹೇಳಿರದ ನಾನು ಅಲ್ಲಿ, ರವಕೆಗಳ ನಡುವೆ ಕುಳಿತು, ಮಾಮಿಗೆ ಹೇಳಿಬಿಟ್ಟೆ. ಆಸ್ಪತ್ರೆ, ಕಾಗದ, ‘ಹೊಟ್ಟೆಯ ಹುಣ್ಣು’, ಎಲ್ಲ. “ಅವಳಿಗೆ ಗೊತ್ತಾಗ್ಲಿಲ್ಲ, ಅದೇ ಒಳ್ಳೆಯದಾಯ್ತು” ಎಂದೆ.

ಮಾಮಿ ಸೆರಗಿನ ಸೂಜಿ ತೆಗೆದು ಮತ್ತೆ ಅಲ್ಲಿಯೇ ಚುಚ್ಚಿದರು.

“ಗೊತ್ತಿತ್ತು ಮಗಾ.”

“ಯಾರು ಹೇಳಿದ್ರು?”

“ನೀನೇ. ನಾನು ಆಸ್ಪತ್ರೆಗೆ ನೋಡ್ಲಿಕ್ಕೆ ಬಂದಿದ್ದೆನಲ್ಲ, ನೀನು ಮದ್ದು ತರ್ಲಿಕ್ಕೆ ಕೆಳಗೆ ಹೋಗಿದ್ದಿ. ಆಗ ಹೇಳಿದಳು. ಮಗಳು ಕಾಗದ ಓದುವಾಗ ಒಂದು ಕಡೆ ತಡವರಿಸಿದಳು ಅಕ್ಕಾ, ನಾಲ್ಕನೇ ಕ್ಲಾಸು ದಾಟಿದ ಮೇಲೆ ಅವಳು ತಡವರಿಸಿದ್ದೇ ಇಲ್ಲ, ಇದು ಹುಣ್ಣು ಅಲ್ಲ, ಅಂತ.”

ನಾನು ಬಟ್ಟೆಯ ಗಂಟಿನಿಂದ ಎದ್ದು ನಿಂತೆ.

“ಗೊತ್ತಿಲ್ಲದ ಹಾಗೆ ಇರು ಅಂತ ನಂಗೂ ಹೇಳಿದಳು. ಓದಿದ್ದು ಓದಿ ಆಯ್ತು, ಇನ್ನು ಅವಳಿಗೆ ಕಷ್ಟ ಬೇಡ ಅಂತ.” ಮಾಮಿ ಮಡಿಲಿನ ರವಕೆ ಮಡಚುತ್ತ, “ಇಷ್ಟು ವರ್ಷ ಹೇಳ್ಲಿಲ್ಲ. ಇವತ್ತು ನೀನಾಗಿ ಹೇಳಿದ್ದಕ್ಕೆ ಬಾಯಿಗೆ ಬಂತು” ಎಂದರು.

ಮಗಳು ಎದ್ದು ಹೋಗಿ ಹೋಟೆಲಿನಿಂದ ಚಾ ಮತ್ತು ಬನ್ಸ್ ತಂದಳು. ಹಸಿವೆಯಾಗಿದ್ದುದು ಆಗ ಗೊತ್ತಾಯಿತು. ಎರಡು ಬನ್ಸ್ ತಿಂದೆ. ಅಳು ಬಂದದ್ದು ಎರಡನೆಯದನ್ನು ತಿನ್ನುವಾಗ. ಮಾಮಿ ಬೆನ್ನಿನ ಮೇಲೆ ಒಂದು ಕೈಯಿಟ್ಟು ಕುಳಿತರು.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಬೇಕಾದಷ್ಟಿತ್ತು. ಪುತ್ತೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದೆ.

ಸೋಮವಾರ ಗ್ರಂಥಪಾಲಕರ ಕೋಣೆಗೆ ಹೋಗಿ, ಚಿತ್ರ ಸರಿಯಾಗಿಯೇ ಇದೆ, ಸುಳ್ಳು ಹೇಳಿದ್ದೆ ಎಂದೆ. ಯಾಕೆಂದು ಕೇಳಿದರು. ಆಸ್ಪತ್ರೆಯ ಸಂಗತಿ ಬಿಟ್ಟು ಉಳಿದದ್ದನ್ನು ಹೇಳಿದೆ. ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು. “ಮೊದಲೇ ಹೇಳುದಲ್ವಾ? ನಾವೆಂತ ಹೊರಗಿನವರಾ?” ಎಂದರು. ಆಮೇಲೆ ನನ್ನೊಡನೆ ಬಂದು, ಒಂದು ಹೆಡ್‌ಫೋನಿನಲ್ಲಿ ಇಪ್ಪತ್ತು ನಿಮಿಷವನ್ನೂ ನೋಡಿದರು. ನಾನು ಪಕ್ಕದಲ್ಲಿ ನಿಂತು ಸ್ವರವಿಲ್ಲದೆ ನೋಡಿದೆ. ಈಗ ಗೊತ್ತಾಗುತ್ತಿತ್ತು. ಅಮ್ಮನ ಕಣ್ಣು ಸಾಲಿನಿಂದ ಸಾಲಿಗೆ ಹೋಗುತ್ತಲೇ ಇರಲಿಲ್ಲ. ಪುಟದ ಮೂಲೆಯಲ್ಲಿದ್ದ ಒಂದು ಚಿತ್ರದ ಮೇಲೆ ನೆಟ್ಟಿತ್ತು. ಅಷ್ಟು ಹೊತ್ತು ಓದಿದರೂ ಪುಟ ತಿರುಗಿರಲಿಲ್ಲ. ಮೊದಲು ಹತ್ತಾರು ಸಲ ನೋಡಿಯೂ ನನಗೆ ಇದು ಕಂಡಿರಲಿಲ್ಲ.

ಪರಿಚಯದ ವಿಷಯದಲ್ಲಿ ಮಾತ್ರ ಗ್ರಂಥಪಾಲಕರು ಸುಲಭಕ್ಕೆ ಒಪ್ಪಲಿಲ್ಲ. “ಅಕ್ಷರ ಬಲ್ಲವಳು ಅಂತ ಚಿತ್ರದಲ್ಲೇ ಹೇಳ್ತಾರೆ. ನಾವು ಬೇರೆ ಬರೆದ್ರೆ ಹೇಗೆ? ನಮ್ಮ ಕೆಲಸ ಚಿತ್ರದಲ್ಲಿ ಇದ್ದದ್ದನ್ನು ಬರೆಯುದು.”

“ಚಿತ್ರದಲ್ಲಿ ಇರುದು ಅದಲ್ಲ ಸರ್. ಅವಳ ಕಣ್ಣು ನೋಡಿ.”

ಅವರು ಇನ್ನೊಮ್ಮೆ ನೋಡಿದರು. ಮತ್ತೆ ವಾದಿಸಲಿಲ್ಲ. ಬದಲಿಗೆ, “ಆ ಇನ್ನೊಬ್ಬರು ಸುಳ್ಯದಲ್ಲಿದ್ದಾರೆ ಅಂದ್ರಿ ಅಲ್ವಾ? ಕರ್ಕೊಂಡು ಬನ್ನಿ. ಹೊರಗಿನವರಿಗೆ ಒಂದು ದಿನದ ಫಾರ್ಮ್ ಉಂಟು” ಎಂದರು.

ಮುಂದಿನ ವಾರ ಮಾಮಿ ಬಂದರು. ಹಸಿರು ಸೀರೆ, ಕೈಯಲ್ಲಿ ಕೊಡೆ. ಅಷ್ಟು ಪುಸ್ತಕಗಳನ್ನು ಕಂಡು ಚಪ್ಪಲಿ ಬಿಚ್ಚಲು ಹೊರಟಿದ್ದರು, ನಾನು ತಡೆದೆ. ಹೆಡ್‌ಫೋನ್ ಕಿವಿಗೆ ಹಾಕಿದ್ದೇ ತಡ, ತಮ್ಮ ಸ್ವರ ಎಷ್ಟು ದೊಡ್ಡದಾಗುತ್ತಿದೆ ಎಂಬುದು ಅವರಿಗೆ ತಿಳಿಯದಾಯಿತು.

“ನೋಡು, ಅದು ನಾನು! ಎಷ್ಟು ಕೂದಲು ಮಾರಾಯ್ತಿ ಆಗ!”

ಓದುತ್ತಿದ್ದ ಹುಡುಗಿಯರು ನಕ್ಕು, ಮೆಲ್ಲಗೆ ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು. ಗ್ರಂಥಪಾಲಕರು ದೂರದಿಂದ ನೋಡಿದರೂ ಸುಮ್ಮನಿದ್ದರು. ತೀರಿಕೊಂಡ ಇಬ್ಬರು ತೆರೆಯ ಮೇಲೆ ಬಂದಾಗ ಮಾಮಿ ಅವರನ್ನು ಮುಟ್ಟುವವರ ಹಾಗೆ ಕೈ ಚಾಚಿದರು. ಅಮ್ಮ ಓದತೊಡಗಿದಾಗ ಮಾತು ನಿಲ್ಲಿಸಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅಮ್ಮ ‘ಪ್ರತ್ಯುತ್ತರ’ದಲ್ಲಿ ತಡವರಿಸಿದಾಗ ನನ್ನ ಕಡೆ ತಿರುಗಿ, “ಕೇಳಿತಾ? ಅದು ನೀನೇ” ಎಂದರು.

ನಾನು ತಲೆಯಾಡಿಸಿದೆ.

ಚಿತ್ರ ಮುಗಿಯಿತು. ಅವರು ಹೆಡ್‌ಫೋನ್ ತೆಗೆಯಲಿಲ್ಲ. ಕಪ್ಪು ತೆರೆಯನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದರು: “ಆ ಹುಡುಗಿ ಕಡೆಗೆ ದೋಣಿ ಹತ್ತಿದಳಾ ಮಗಾ? ನಂಗೆ ನೆನಪಿಲ್ಲ.”

ನನಗೂ ನೆನಪಿರಲಿಲ್ಲ. ಒಂಬತ್ತು ವರ್ಷದ ನಾನು ಆಟಕ್ಕೆ ಹೋಗುವ ಅವಸರದಲ್ಲಿ ಓದಿ ಮುಗಿಸಿದ ಕತೆ. ನಾಯಕಿಯ ಹೆಸರು ಕೂಡ ಮರೆತಿತ್ತು. ಅಮ್ಮನನ್ನು ಕೇಳಿದ್ದರೆ ಅಕ್ಷರಶಃ ಹೇಳುತ್ತಿದ್ದಳು.

ತಡವಾಗಿದ್ದ ಪಟ್ಟಿ ಮರುದಿನ ಫಲಕಕ್ಕೆ ಬಿತ್ತು. ಬೀಡಿಯವರ ಚಿತ್ರದ ಕೆಳಗೆ ನಾನು ಬರೆದದ್ದು ಇಷ್ಟು: ‘ಕಡಬದ ಸಮೀಪದ ಒಂದು ಜಗಲಿಯಲ್ಲಿ ನಾಲ್ವರು ಹೆಂಗಸರು ಬೀಡಿ ಕಟ್ಟುತ್ತಾರೆ. ಅವರಲ್ಲೊಬ್ಬಳು, ಮಗಳು ಓದಿದ್ದನ್ನು ಕೇಳಿ ನೆನಪಿಟ್ಟ ಕತೆಯನ್ನು ಉಳಿದವರಿಗೆ ಹೇಳುತ್ತಾಳೆ. ಇಪ್ಪತ್ತು ನಿಮಿಷ.’ ಪರೀಕ್ಷೆಯ ದಿನಗಳಾದ್ದರಿಂದ ಮಕ್ಕಳು ಮೇಲಿನ ಪಠ್ಯಪುಸ್ತಕಗಳ ಹೆಸರನ್ನಷ್ಟೇ ನೋಡಿ ಹೋದರು. ಕೊಲ್ಲಮೊಗ್ರುವಿನಿಂದ ಬರುವ ಒಬ್ಬಳು ಹುಡುಗಿ ಮಾತ್ರ ಕೇಳಿ ಪಡೆದು, ಎರಡು ಸಲ ನೋಡಿದಳು.

ಮಾಮಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮಲ್ಲಿ ಅಷ್ಟು ಹಳೆಯ ವಾರಪತ್ರಿಕೆಗಳಿಲ್ಲ, ಹತ್ತು ವರ್ಷಕ್ಕೊಮ್ಮೆ ತೂಕಕ್ಕೆ ಹಾಕಿಬಿಡುತ್ತಾರೆ. ಬೇರೆ ಗ್ರಂಥಾಲಯಗಳಿಗೆ ಬರೆದಿದ್ದೇನೆ. ಒಂದೆರಡು ಕಡೆಯಿಂದ ಇಲ್ಲವೆಂದು ಬಂತು. ಉಪ್ಪಿನಂಗಡಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಅಟ್ಟದಲ್ಲಿ ಹಳೆಯ ಕಟ್ಟುಗಳನ್ನು ಇಟ್ಟುಕೊಂಡಿದ್ದಾರೆಂದು ಯಾರೋ ಹೇಳಿದ್ದರಿಂದ ಮೊನ್ನೆ ಭಾನುವಾರ ಅಲ್ಲಿಗೂ ಹೋಗಿಬಂದೆ. ನೆರೆ ನೀರು ಒಳಗೆ ಬಂದ ವರ್ಷ ಕೆಳಗಿದ್ದವೆಲ್ಲ ಹೋದವಂತೆ. ಉಳಿದವನ್ನು ತೋರಿಸಿದರು, ಧೂಳು ಕೊಡವುತ್ತ ಸಂಜೆಯವರೆಗೆ ಒಂದೊಂದೇ ಸಂಚಿಕೆ ತೆರೆದೆ. ಹೊಳೆಯೂ ಇಲ್ಲ, ದೋಣಿಯೂ ಇಲ್ಲ. “ಇನ್ನೂ ಎರಡು ಕಟ್ಟು ಉಂಟು, ಬರುವ ಭಾನುವಾರ ಬನ್ನಿ” ಎಂದಿದ್ದಾರೆ ಮೇಷ್ಟ್ರು.